ಗೂಟ ಮುಳುಗುವ ತನಕ

ಮೊಬೈಲಿನಲ್ಲಿ ಅರಬ್ಬಿ ಸಮುದ್ರದ ಮೇಲೆ ಬಿಳಿ ಸುರುಳಿಯೊಂದು ಕಂಡ ಕೂಡಲೇ ನನ್ನ ಗಂಟಲು ತಾನಾಗಿಯೇ ಸಜ್ಜಾಗುತ್ತದೆ. "ವೀಕ್ಷಕರೇ, ವಾಯುಭಾರ ಕುಸಿತವು ಚಂಡಮಾರುತವಾಗಿ ಮಾರ್ಪಡುವ ಸಾಧ್ಯತೆ ಇದ್ದು..." ಎಂದು ಟಿ.ವಿ.ಯ ಹವಾಮಾನದವನ ಧ್ವನಿಯಲ್ಲಿ ಶುರು ಹಚ್ಚುತ್ತೇನೆ. ಸಾಗರ ಪೇಟೆಯ ನನ್ನ ಬಾಡಿಗೆ ಕೋಣೆಯಲ್ಲಿ ಕೇಳುವ ವೀಕ್ಷಕರೆಂದರೆ ಗೋಡೆಯ ಮೇಲಿನ ಹಲ್ಲಿ ಮಾತ್ರ. ಅದು ಲೊಚಗುಟ್ಟಿದರೆ ತಜ್ಞರ ಅಭಿಪ್ರಾಯವೂ ಸಿಕ್ಕಿತೆಂದು ಕಾರ್ಯಕ್ರಮ ಮುಗಿಸುತ್ತೇನೆ. ಧ್ವನಿಯೇ ನನ್ನ ಅನ್ನ. ಆಟೋಗೆ ಕಟ್ಟಿದ ಮೈಕಿನಲ್ಲಿ ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ಕ್ರಿಕೆಟ್ ಟೂರ್ನಿಯ ಕರೆ, ಯಾರದೋ ಕಳೆದುಹೋದ ಎಮ್ಮೆ, ಎಲ್ಲವೂ ನನ್ನದೇ ಕಂಠ. ಮದುವೆ ಮನೆಗಳಲ್ಲಿ ಭಾಷಣ ಬಿಗಿಯುವ ರಾಜಕಾರಣಿಯಾಗುತ್ತೇನೆ, ದಕ್ಷಿಣೆಗೆ ಮುನಿದ ಪುರೋಹಿತನಾಗುತ್ತೇನೆ, ಬೇಕೆಂದರೆ ಅಳುವ ಮಗುವೂ ಆಗುತ್ತೇನೆ. ನಿನ್ನ ಸ್ವಂತ ಧ್ವನಿ ಯಾವುದಾ ಎಂದು ಒಮ್ಮೆ ಹೆಣ್ಣಿನ ಕಡೆಯ ಹಿರಿಯರೊಬ್ಬರು ಕೇಳಿದರು. "ಸ್ಟಾಕಿಲ್ಲ" ಎಂದೆ. ನಕ್ಕರು. ನಾನು ನಗಿಸಲೆಂದು ಹೇಳಿದ್ದಲ್ಲ.

ಈ ವಿದ್ಯೆ ನನಗೆ ಹತ್ತಿದ್ದು ಹಿನ್ನೀರಿನ ಆಚೆ, ತುಮರಿ ಬದಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ. ಈಗ ಅಲ್ಲಿಗೆ ಸೇತುವೆಯಾಗಿದೆ. ಬೈಕಿನಲ್ಲಿ ಹೋಗುವಾಗ ಕೆಳಗೆ ನೀರಿದೆಯೋ ಇಲ್ಲವೋ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ನಾನು ನಾಲ್ಕನೇ ಕ್ಲಾಸು ಮುಗಿಸಿದ ಆ ಬೇಸಿಗೆಯಲ್ಲಿ ನೀರನ್ನು ನೋಡುವುದೇ ನನ್ನ ಉದ್ಯೋಗವಾಗಿತ್ತು. ಮನೆಯೆಂದರೆ ಒಂದು ಜಗಲಿ, ಟಿ.ವಿ. ಇದ್ದ ಒಂದು ಕೋಣೆ, ಹೊಗೆ ಹಿಡಿದ ಅಡುಗೆಕೋಣೆ, ಅದರ ಮೇಲೊಂದು ಅಟ್ಟ. ಇದ್ದವರು ಅಜ್ಜಿ ಮತ್ತು ನಾನು. ಅವ್ವ ಸಾಗರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಆದಿತ್ಯವಾರ ಮಾತ್ರ ರಜೆ. ಹಿನ್ನೀರು ದಾಟಿಸುವ ಬೆಳಗಿನ ಮೊದಲ ಲಾಂಚಿಗೆ ಬಂದು ಸಂಜೆಯ ಕಡೇ ಲಾಂಚಿಗೆ ಹೋಗುತ್ತಿದ್ದಳು. ಅಪ್ಪ ನನಗೆ ಬುದ್ಧಿ ಬರುವ ಮೊದಲೇ ಮೀನಿಗೆಂದು ಸಣ್ಣ ದೋಣಿಯಲ್ಲಿ ಹೋದವನು, ಗಾಳಿಗೆ ಸಿಕ್ಕಿ ಹಿಂದೆ ಬರಲಿಲ್ಲ. ಊರಿನವರನ್ನೆಲ್ಲ ಅಣಕಿಸಬಲ್ಲ ನಾನು ಅಪ್ಪನನ್ನು ಮಾತ್ರ ಅಣಕಿಸಲಾರೆ. ಅವನ ದನಿ ಕೇಳಿದ ನೆನಪಿಲ್ಲ. ಅವನು ಹೋದ ಮೇಲೆ ಅಜ್ಜಿ ಚೌಡಮ್ಮನ ಕಲ್ಲಿನ ಮುಂದೆ ಅವ್ವನ ಕೈಯಲ್ಲಿ ಆಣೆ ಮಾಡಿಸಿದ್ದಳಂತೆ: ನಮ್ಮ ಮನೆಯವರು ಇನ್ನು ಸಣ್ಣ ದೋಣಿಗೆ ಕಾಲಿಡುವಂತಿಲ್ಲ, ನೀರು ದಾಟಿದರೆ ಲಾಂಚಿನಲ್ಲೇ. ಅಜ್ಜಿಯ ಕಾನೂನಿನ ಪ್ರಕಾರ ಲಾಂಚು ನೀರಿನ ಮೇಲಿನ ವಾಹನವಲ್ಲ, ನೆಲದ ಒಂದು ತುಂಡು.

ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ಹಿನ್ನೀರು ಎಳೆದುಕೊಂಡು ಎಳೆದುಕೊಂಡು ಹೋಗಿ, ಎಂದೋ ಮುಳುಗಿದ್ದ ಮರಗಳ ಕಪ್ಪು ಬೊಡ್ಡೆಗಳು ಕೆಸರಿನಲ್ಲಿ ಸಾಲಾಗಿ ಎದ್ದು ನಿಂತವು. ಮೊದಲು ಲಾಂಚಿಗೆ ಜೀಪು ಹತ್ತಿಸುವುದು ನಿಂತಿತು, ಆಮೇಲೆ ಬೈಕು, ಕಡೆಗೆ ಜನ. ಬಾವಿಯಲ್ಲೂ ಕೊಡ ತಳಕ್ಕೆ ಬಡಿಯುತ್ತಿತ್ತು. ಹಗ್ಗ ಸಾಲದೆ ಅಜ್ಜಿ ತನ್ನ ಹಳೇ ಸೀರೆ ಹೊಸೆದು ಗಂಟು ಹಾಕಿದ್ದಳು. ಸೇದಿದ ನೀರು ಚಹಾದ ಬಣ್ಣ. ಅದನ್ನು ಪಂಚೆಯಲ್ಲಿ ಸೋಸಿ, ತಳ ಕೂತ ಮೇಲೆ ಕುಡಿಯಬೇಕು. ಹಿನ್ನೀರು ನಮ್ಮ ಬಾಯಲ್ಲಿ ಹೊಳೆಯೇ. ನಾನು ಅದರ ಅಂಚಿನಲ್ಲಿ ಒಂದು ಗೂಟ ನೆಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ನೀರು ಗೂಟ ಬಿಟ್ಟು ಕೆಳಗೆ ಸರಿದಿರುತ್ತಿತ್ತು. ಕಿತ್ತು ಮತ್ತೆ ಅಂಚಿಗೆ ನೆಡುತ್ತಿದ್ದೆ. ನನ್ನ ಲೆಕ್ಕ ಸಲೀಸು. ಮಳೆ ಬಂದರೆ ಗೂಟ ಮುಳುಗುತ್ತದೆ, ಗೂಟ ಮುಳುಗಿದರೆ ಲಾಂಚು ಬರುತ್ತದೆ, ಲಾಂಚು ಬಂದರೆ ಅವ್ವ ಬರುತ್ತಾಳೆ. ಬಲೆ ರಿಪೇರಿ ಮಾಡುತ್ತ ಕೂತಿರುತ್ತಿದ್ದ ಪಕ್ಕದ ಮನೆಯ ಗಣಪಣ್ಣ ನನ್ನ ಸರ್ವೆ ಕೆಲಸ ಕಂಡು ಒಂದು ದಿನ ಕೇಳಿದ.

"ಎಂತ ಮಾರಾಯ, ಹೊಳೆನೇ ಪೋಡಿ ಮಾಡ್ಸಿ ಖಾತೆ ಹಚ್ಕಂತೀಯಾ?"

"ಮಳೆ ಬಂದ್ರೆ ನೀರೆಷ್ಟು ಏರ್ತದೆ ಅಂತ ನೋಡಕ್ಕೆ ಗಣಪಣ್ಣ."

"ಇಲ್ಲಿ ಹೊಯ್ದ್ರೆ ನಿನ್ನ ಚಡ್ಡಿ ಒದ್ದೆ ಆಗ್ತದೆ ಅಷ್ಟೆಯಾ. ಹೊಳೆ ಏರಬೇಕು ಅಂದ್ರೆ ಮೇಲೆ, ತೀರ್ಥಳ್ಳಿ ಬದಿ, ಹೊಸನಗ್ರದ ಬದಿ, ಹಿಡಿದು ಹೊಯ್ಬೇಕು. ಅಲ್ಲಿಂದ ಇಳಿದು ಬರಬೇಕಲ್ಲ ನೀರು, ಅದೇನು ನಿನ್ನಂಗೆ ಓಡ್ತದಾ?"

ನಾನು ಅವನ ಮಾತನ್ನು ಅವನದೇ ಮೂಗಿನ ದನಿಯಲ್ಲಿ ಪೂರ್ತಿ ವಾಪಸು ಒಪ್ಪಿಸಿದೆ. ಬಲೆಯ ದಬ್ಬಣ ಹಿಡಿದು ಅಟ್ಟಿಸಿಕೊಂಡು ಬಂದ. ಮಾತು ಬಾಯಿಗೆ ಬಂದಿತ್ತು, ತಲೆಗೆ ಹೋಗಿರಲಿಲ್ಲ. ಅಣಕಿಸುವವರ ಕಷ್ಟವೇ ಅದು.

ಆದಿತ್ಯವಾರದ ಊಟ ನಮ್ಮಲ್ಲಿ ಹಬ್ಬವಿದ್ದಂತೆ. ನೀರು ಇಳಿದಾಗ ಮೀನಿಗೆ ಬರವಿಲ್ಲ. ಗಣಪಣ್ಣ ಕೊಟ್ಟ ಮೀನಿನ ಸಾರು, ಕುಚ್ಚಲಕ್ಕಿ ಅನ್ನ, ಸುಟ್ಟ ಹಲಸಿನ ಬೀಜ. ಅಜ್ಜಿ ಮೂರು ಮಣೆ ಹಾಕುತ್ತಿದ್ದಳು. ಒಲೆಯ ಪಕ್ಕದ್ದು ಅವಳದು, ಬಾಗಿಲ ಹತ್ತಿರದ್ದು ನನ್ನದು, ನಡುವೆ ಅವ್ವನದು. ಲಾಂಚು ನಿಂತ ಮೊದಲ ಆದಿತ್ಯವಾರವೂ ಮೂರೇ ಹಾಕಿದಳು, ಮೂರಕ್ಕೂ ಬಡಿಸಿದಳು. ಬಡಿಸಿದ ಮೇಲೆಯೇ ಅವಳಿಗೆ ನೆನಪಾದದ್ದು. ಬಡಿಸಿದ ತಟ್ಟೆ ಎತ್ತಿಡುವುದು ಅಪಶಕುನವೆಂದು ಅವಳು ಮುಟ್ಟಲಿಲ್ಲ. ಅವ್ವನ ತಟ್ಟೆಯಲ್ಲಿದ್ದ ಮೀನಿನ ತಲೆ ನನ್ನನ್ನೇ ನೋಡುತ್ತಿತ್ತು. ಅದನ್ನು ತಿನ್ನುವ ಆಸೆಯೇ ನನ್ನ ಕಲಾಜೀವನದ ಆರಂಭ. ಬೇರೆ ಯಾವ ದೊಡ್ಡ ಪ್ರೇರಣೆಯೂ ಇರಲಿಲ್ಲ. ನಡುವಿನ ಮಣೆಗೆ ಜಾರಿ ಕೂತು, ಕುತ್ತಿಗೆ ಸ್ವಲ್ಪ ಓರೆ ಮಾಡಿ, ಅವ್ವನ ದನಿಯಲ್ಲಿ ಹೇಳಿದೆ.

"ಅತ್ತೇ, ಸಾರಿಗೆ ಹುಳಿ ಜಾಸ್ತಿಯಾತು."

ಅಜ್ಜಿಯ ಸೌಟು ಗಾಳಿಯಲ್ಲೇ ನಿಂತಿತು. ಬೆನ್ನಿಗೆ ಬಿತ್ತೆಂದೇ ನಾನು ಕಣ್ಣು ಮುಚ್ಚಿದೆ.

"ಜಾಸ್ತಿಯಾದ್ರೆ ನೀನೇ ಮಾಡು ಮಾರಾಯ್ತಿ. ವಾರಕ್ಕೊಂದ್ಸಲ ನೆಂಟ್ರಂಗೆ ಬಂದು ಹುಳಿ ಜಾಸ್ತಿ, ಉಪ್ಪು ಕಮ್ಮಿ."

"ನಾನೇನು ಆಸೆಗೆ ಹೋಗಿ ಕೂತಿದೀನಾ ಅತ್ತೆ? ದುಡೀದೆ ಇದ್ರೆ ಆಗ್ತದಾ?"

"ಆಯ್ತು ಉಣ್ಣು, ತಣ್ಣಗಾಗ್ತದೆ."

ಅವರಿಬ್ಬರ ಹಳೇ ಜಗಳ ಅಕ್ಷರ ಬಿಡದೆ ನಡೆಯಿತು. ಜಗಳ ಮುಗಿದಾಗ ನಾನು ಅವ್ವನ ತಟ್ಟೆ ಖಾಲಿ ಮಾಡಿ, ಬಾಗಿಲ ಬಳಿ ಸರಿದು ನನ್ನ ತಟ್ಟೆಗೂ ಕೈಹಾಕಿದ್ದೆ. ಅಂದಿನಿಂದ ಪ್ರತಿ ಆದಿತ್ಯವಾರ ಇದೇ ಪದ್ಧತಿಯಾಯಿತು. ಆಮೇಲಾಮೇಲೆ ವಾರದ ನಡುವೆಯೂ. ಅಜ್ಜಿಗೆ ಕಣ್ಣು ಮಂಜು. ನಾನು ಅಟ್ಟದಿಂದಲೋ ಹಿತ್ತಿಲಿನಿಂದಲೋ ಅವ್ವನ ದನಿಯಲ್ಲಿ "ಅತ್ತೇ" ಎಂದರೆ ಸಾಕು, ಬೈಗುಳ ಹೊರಡುತ್ತಿತ್ತು. ಬೈಯುವುದಕ್ಕೆ ಅವಳಿಗೂ ಒಬ್ಬರು ಬೇಕಿತ್ತು. ನಾನು ಅವ್ವನ ನರ್ಸಿಂಗ್ ಹೋಮಿನ ಮಾತನ್ನೂ ಸೇರಿಸುತ್ತಿದ್ದೆ. ಸೂಜಿಗೆ ಹೆದರುವ ರೋಗಿಗಳಿಗೆ ಹೇಳಿ ಹೇಳಿ ಅವಳಿಗೆ ಅದು ಮನೆಯಲ್ಲೂ ರೂಢಿಯಾಗಿತ್ತು, ನನ್ನ ಕಾಲಿನ ಮುಳ್ಳು ತೆಗೆಯುವಾಗ, ತಲೆಗೆ ಎಣ್ಣೆ ತಿಕ್ಕುವಾಗ, ಸಂಜೆ ಹೊರಡುವ ಮುಂಚೆ ನನ್ನ ಬೆನ್ನು ಸವರುವಾಗ ಒಂದೇ ಮಾತು: "ಅಷ್ಟೆ, ಅಷ್ಟೆ, ಆಯ್ತು." ಈ ಮಾತನ್ನು ನಾನು ಅಜ್ಜಿಗೆಂದು ಹೇಳುತ್ತಿರಲಿಲ್ಲ. ಚಾದರದ ಒಳಗೆ ಮುಖ ಹುದುಗಿಸಿಕೊಂಡು ನನಗೇ ಹೇಳಿಕೊಳ್ಳುತ್ತಿದ್ದೆ. ದನಿ ಚೆನ್ನಾಗಿಯೇ ಬರುತ್ತಿತ್ತು. ಸವರುವ ಕೈ ಮಾತ್ರ ನನ್ನದೇ ಆಗಿರುತ್ತಿತ್ತು.

ಅಷ್ಟರಲ್ಲಿ ಟಿ.ವಿ.ಯಲ್ಲಿ ಸುರುಳಿ ಕಾಣಿಸಿಕೊಂಡಿತು. ಕೋಟು ತೊಟ್ಟ ಮನುಷ್ಯ ಕೋಲಿನಿಂದ ಸಮುದ್ರವನ್ನು ತೋರಿಸುತ್ತ, ಯಾರಿಗೋ ಹೆಣ್ಣು ಗೊತ್ತಾದ ಸಂಭ್ರಮದಲ್ಲಿ ಮಾತಾಡುತ್ತಿದ್ದ. ಇಂದು ಇಲ್ಲಿದೆ, ನಾಳೆ ಇಲ್ಲಿರಬಹುದು. ನಾನು ಅವನ ಕೋಟಿಗೆ ಬದಲು ಅಜ್ಜಿಯ ಕಂಬಳಿ ಹೊದ್ದು, ಊದುಗೊಳವೆ ಹಿಡಿದು, ಅಡುಗೆಕೋಣೆಯ ಗೋಡೆಯ ಮಸಿಯನ್ನೇ ಅರಬ್ಬಿ ಸಮುದ್ರ ಮಾಡಿಕೊಂಡು ವರದಿ ಒಪ್ಪಿಸಿದೆ.

"ಮಲೆನಾಡಿನಲ್ಲಿ ಭಾರೀ ಮಳೆಯಾಗುವ ಸಾಧ್ಯತೆ ಇದೆ."

"ಸಾಧ್ಯತೆ ಅಂದ್ರೆ ಎಂತದಾ?"

"ಬರಬಹುದು, ಬರದೆಯೂ ಇರಬಹುದು ಅಂತ ಅಜ್ಜಿ."

"ಹಂಗಾದ್ರೆ ನಿನ್ನವ್ವಂಗೂ ಟಿ.ವಿ.ಯಲ್ಲಿ ಕೆಲಸ ಕೊಡಬಹುದು."

ಅಂದಿನಿಂದ ಅಜ್ಜಿ ದಿನಾ ಬೆಳಿಗ್ಗೆ ಚೌಡಮ್ಮನ ಕಲ್ಲಿಗೆ ಹೂವಿಟ್ಟು ಗಟ್ಟಿಯಾಗಿ ಬೇಡತೊಡಗಿದಳು. "ತಾಯೀ, ಮಳೆ ಕೊಡು. ಗಾಳಿ ಬೇಡ." ಅವಳು ಹೊಳೆಯ ಕಡೆ ಬೆನ್ನು ಹಾಕಿಯೇ ಆ ಮಾತು ಹೇಳುತ್ತಿದ್ದಳು. ನಾನು ಕಲ್ಲಿನ ಹಿಂದೆ ಕೂತು ಅಂಗಡಿಯವನ ದನಿಯಲ್ಲಿ ಉತ್ತರ ಕೊಟ್ಟೆ: "ಎರಡೂ ಜೋಡಿ ಐಟಮ್ಮು ಅಜ್ಜೀ, ಬಿಡಿಬಿಡಿಯಾಗಿ ಸಿಗಲ್ಲ." ದೇವರ ದನಿ ತೆಗೆದವನಿಗೆ ಅಂದು ಮಧ್ಯಾಹ್ನ ಗಂಜಿಗೆ ಉಪ್ಪಿನಕಾಯಿ ಸಿಗಲಿಲ್ಲ. ಆದರೆ ಅವಳು ಬೇಡುತ್ತಿದ್ದುದು ನನಗೂ ಒಳಗೊಳಗೆ ಬೇಕಾಗಿತ್ತು. ಗಾಳಿಯಿದ್ದರೆ, ನೀರು ತುಂಬಿದ್ದರೂ ಲಾಂಚು ಬಿಡುವುದಿಲ್ಲ. ಗಾಳಿಯಿಲ್ಲದ ಮಳೆ, ಬಿರುಗಾಳಿಯನ್ನು ಸಮುದ್ರದಲ್ಲೇ ಬಿಟ್ಟು ಮೋಡ ಮಾತ್ರ ಘಟ್ಟ ಹತ್ತಿ ಬರುವಂಥದ್ದು ಬೇಕು. ನಮ್ಮ ಊರಿನಲ್ಲಿ ಫೋನು ಹಿಡಿಯಬೇಕೆಂದರೆ ಮನೆಯ ಹಿಂದಿನ ಗುಡ್ಡ ಹತ್ತಬೇಕಿತ್ತು. ಅಲ್ಲಿಂದ ಪಡುವಣದ ಆಕಾಶವೂ ಕಾಣುತ್ತದೆ, ಫೋನು ಎತ್ತಿ ಹಿಡಿದರೆ ಒಂದೆರಡು ಗೆರೆ ಸಿಗ್ನಲ್ಲೂ ಸಿಗುತ್ತದೆ. ಅಜ್ಜಿಯ ಬಟನ್ ಫೋನು ಹಿಡಿದು ಹತ್ತಿದೆ.

"ಅವ್ವ, ಮಳೆ ಬರ್ತದಂತೆ! ನೀರು ಏರ್ತದೆ. ಮುಂದಿನ ಆದಿತ್ಯವಾರ ಬರ್ತೀಯಲ್ಲ?"

"ಮಳೆ ಅಲ್ಲ ಕಣಾ ಅದು, ಚಂಡಮಾರುತ ಅಂತೆ. ಇಲ್ಲಿ ಎಲ್ಲ ಅದೇ ಮಾತು. ಹೊಳೆ ಕಡೆ ಹೋಗ್ಬೇಡ ನೀನು. ಕೇಳ್ತಾ ಅಪ್ಪೀ? ಅಂಚಿಗೆ ಹೋಗ್ಬೇಡ."

"ಬರ್ತೀಯಾ ಇಲ್ವಾ?"

ಟಿ.ವಿ.ಯವನಂತೆಯೇ ಸಾಧ್ಯತೆಯ ಮಾತಾಡಿದಳು. "ಲಾಂಚ್ ಬಿಟ್ರೆ ಬರ್ತೀನಿ" ಎಂದಳು. ಆಮೇಲೆ ಫೋನಿನಲ್ಲಿ ಗಾಳಿಯದೇ ಸದ್ದು. ಮೇಲೆ ಆಕಾಶ ತಾಮ್ರದ ಹಂಡೆ ಮಗುಚಿದ ಹಾಗಿತ್ತು, ಎಲೆ ಅಲುಗುತ್ತಿರಲಿಲ್ಲ. ಗುಡ್ಡದ ಮೇಲೆ ಒಬ್ಬನೇ ನಿಂತು, ಟಿ.ವಿ.ಯವನ ದನಿಯಲ್ಲಿ ಪಡುವಣಕ್ಕೆ ಕೂಗಿ ಹೇಳಿದೆ: "ಬಾ, ಬಾ, ಎಂತ ಮಾಡ್ತಿದೀಯಾ ಅಲ್ಲಿ?" ಕೆಳಗಿನ ಕಣಿವೆ ನನ್ನನ್ನು ನನಗಿಂತ ಚೆನ್ನಾಗಿ ಅಣಕಿಸಿತು.

ಎರಡು ದಿನ ಬರೀ ಸೆಕೆ. ಇರುವೆಗಳು ಮೊಟ್ಟೆ ಹೊತ್ತು ಗೋಡೆ ಹತ್ತಿದವು, ಅಜ್ಜಿ ಟಿ.ವಿ.ಗಿಂತ ಅವನ್ನೇ ಹೆಚ್ಚು ನಂಬಿ ಸೌದೆ ಒಳಗೆ ಸಾಗಿಸಿದಳು. ಮೂರನೆಯ ದಿನ ಗಂಜಿ ಉಂಡೇಳುವಾಗ ಬೆಳಕು ಒಮ್ಮೆಗೇ ಇಳಿಯಿತು. ಮೊದಲು ಬಂದದ್ದು ಗಾಳಿ. ಡಿಶ್ಶಿನ ತಟ್ಟೆ ಸರ್ರನೆ ಮುಖ ತಿರುಗಿಸಿತು, ಟಿ.ವಿ.ಯವನು ಬಾಯಿ ತೆರೆದುಕೊಂಡೇ ಚೌಕ ಚೌಕವಾಗಿ ಒಡೆದುಹೋದ. ಕರೆಂಟು ಹೋಯಿತು. ಹಿಂದೆಯೇ ಮಳೆ, ಅಡ್ಡಡ್ಡಲಾಗಿ. ಅಜ್ಜಿ ಬಾಗಿಲಿಗೆ ಅಗಳಿ ಹಾಕಿ, ಒಲೆಯ ಮುಂದೆ ಕೂತು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಇಂಥ ಗಾಳಿಯಲ್ಲೇ ಅಪ್ಪ ಹೋದದ್ದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಅಟ್ಟ ಹತ್ತಿ ಹೆಂಚಿನ ಸಂದಿಗಳ ಕೆಳಗೆ ಕೊಡ, ಬೋಗುಣಿ, ಅನ್ನ ಬಸಿಯುವ ಚರಿಗೆ ಎಲ್ಲ ಸಾಲಾಗಿ ಇಟ್ಟೆ. ಸೋರುವುದೂ ಆ ದಿನ ಲಾಭವೇ. ಅಷ್ಟು ತಿಳಿನೀರು ನೋಡಿ ಎಷ್ಟೋ ಕಾಲವಾಗಿತ್ತು. ಬೋಗುಣಿಗೆ ಬಾಯಿಟ್ಟು ಕುಡಿಯುತ್ತಿರುವಾಗ ಕೇಳಿಸಿತು.

"ಅತ್ತೇ, ಬಾಗ್ಲು ತೆಗೀರಿ!"

ಅವ್ವನ ದನಿ. ನನ್ನ ಬಾಯಿ ನೀರಿನೊಳಗಿತ್ತು. ನಾನು ಬಾಯಿ ತೆರೆಯದೆ ಅವ್ವನ ದನಿ ಈ ಮನೆಯಲ್ಲಿ ಕೇಳಿ ಎಷ್ಟು ದಿನವಾಗಿತ್ತೆಂದರೆ, ಅದು ನನ್ನಿಂದಲೇ ಹೇಗೋ ತಪ್ಪಿಸಿಕೊಂಡಿತೇನೋ ಎಂದು ಮೊದಲು ಗಂಟಲು ಮುಟ್ಟಿ ನೋಡಿಕೊಂಡೆ. ಕೆಳಗಿನಿಂದ ಅಜ್ಜಿ, ನನ್ನದೇ ಅಣಕವೆಂದುಕೊಂಡು, ರೂಢಿಯಂತೆ ಶುರು ಮಾಡಿದಳು.

"ಬಂದ್ಯಾ ಮಾರಾಯ್ತಿ? ಲಾಂಚಿಲ್ದೆ ಹಾರಿ ಬಂದ್ಯಾ? ಇವತ್ತು ಆದಿತ್ಯವಾರ ಅಲ್ಲ, ನಿನ್ನ ಪಾಲಿನ ಮೀನಿಲ್ಲ."

ಹೊರಗಿನಿಂದ ಬಾಗಿಲು ಬಡಿದ ಸದ್ದು. ಆಮೇಲೆ, "ಅತ್ತೇ... ನಾನು. ನಾನೇ ಬಂದಿರೋದು."

"ಹೌದೌದು, ನೀನೇ. ನಿಜವಾದೋಳು ಬರೋ ಮನಸಿದ್ರೆ ಹೊಸನಗ್ರದ ಮೇಲೆ ಸುತ್ತಿ ಬರಕ್ಕೆ ರಸ್ತೆ ಇಲ್ವಾ? ಬಸ್ಸಿಲ್ವಾ? ಬರೀ ಲಾಂಚು ಲಾಂಚು. ಆ ಹುಡುಗ ದಿನಾ ಎದ್ದು ಹೊಳೆ ಅಂಚಲ್ಲಿ ಗೂಟ ಹುಗೀತದೆ. ರಸ್ತೆ ಅದೆ ಅಂತ ಅದಕ್ಕೆ ನಾನು ಹೆಂಗೆ ಹೇಳ್ಲಿ? ನೀನೇ ಹೇಳು, ಹೆಂಗೆ ಹೇಳ್ಲಿ?"

ನಾನು ಅಟ್ಟದ ಮೇಲೆ ಬೋಗುಣಿಯ ಅಂಚು ಹಿಡಿದುಕೊಂಡೇ ಕೂತಿದ್ದೆ. ರಸ್ತೆ ಇತ್ತು. ಆಗಲೂ ಇತ್ತು, ಗೂಟ ನೆಟ್ಟ ಮೊದಲ ದಿನವೂ ಇತ್ತು. ಸೋರುವ ಹನಿಗಳು ಒಂದೊಂದು ಪಾತ್ರೆಗೆ ಒಂದೊಂದು ದನಿಯಲ್ಲಿ ಬೀಳುತ್ತಿದ್ದವು. ಅಂದು ನನಗೆ ಒಂದನ್ನೂ ಅಣಕಿಸಬೇಕೆನಿಸಲಿಲ್ಲ.

"ರಸ್ತೆ ಮೇಲೇ ಬಂದೆ ಅತ್ತೆ" ಎಂದಳು ಅವ್ವ, ತುಂಬ ಮೆಲ್ಲಗೆ. "ನಸುಕಲ್ಲಿ ಹೊರಟಿದ್ದು. ಸಂಪೆಕಟ್ಟೆ ಹತ್ರ ಮರ ಬಿದ್ದು ಬಸ್ಸು ನಿಂತ್ಹೋತು. ಮುಂದಕ್ಕೆ ಹಾಲಿನ ಗಾಡಿ ಹತ್ತಿ, ಆಮೇಲೆ ನಡ್ಕಂಡು ಬಂದೆ. ಬಾಗ್ಲು ತೆಗೀರಿ, ನೆನೀತಾ ಇದೀನಿ."

ನಾನು ಅಟ್ಟದಿಂದ ಇಳಿದದ್ದನ್ನು ಅಜ್ಜಿ ಮಂಜುಗಣ್ಣಿನಲ್ಲೇ ನೋಡಿದಳು. ನನ್ನನ್ನು ನೋಡಿದಳು, ಬಾಗಿಲನ್ನು ನೋಡಿದಳು. ಅಗಳಿ ತೆಗೆದದ್ದು ನಾನು. ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು, ನರ್ಸಿಂಗ್ ಹೋಮಿನ ನೀಲಿ ಸೀರೆಯಲ್ಲೇ, ಮೊಣಕಾಲಿನವರೆಗೆ ಕೆಸರು. ಒಳಗೆ ಬಂದವಳು ಮೊದಲು ಕೇಳಿದ್ದು, "ಹೊಳೆ ಕಡೆ ಹೋಗಿಲ್ಲ ಅಲ್ಲ?" ಎಂದು. ನನ್ನ ತಲೆ, ತೋಳು ಮುಟ್ಟಿ ಮುಟ್ಟಿ ನೋಡಿದಳು. ಅಜ್ಜಿ ಅಷ್ಟರಲ್ಲಿ ಚೇತರಿಸಿಕೊಂಡು, ಒಣಬಟ್ಟೆ ತಂದು ಅವಳ ತಲೆ ಒರೆಸತೊಡಗಿದ್ದಳು, ಬೇಕಾದ್ದಕ್ಕಿಂತ ಜೋರಾಗಿ.

"ಈ ಗಾಳಿಯಲ್ಲಿ ಯಾರು ಬರಕ್ಕೆ ಹೇಳಿದ್ರು ನಿಂಗೆ?"

"ನೀವೇ ಹೇಳಿದ್ರಲ್ಲ ಈಗ, ರಸ್ತೆ ಇಲ್ವಾ ಅಂತ."

"ಅದು ನಿಂಗೆ ಹೇಳಿದ್ದಲ್ಲ" ಎಂದಳು ಅಜ್ಜಿ. ಇಬ್ಬರೂ ನನ್ನ ಕಡೆ ನೋಡಿದರು. ಅವ್ವ ನಕ್ಕಳೋ ಅತ್ತಳೋ ಒಲೆಯ ಬೆಳಕಿನಲ್ಲಿ ತಿಳಿಯಲಿಲ್ಲ. ಅಂದು ಒಣಮೀನು ಸುಟ್ಟು ಚಟ್ನಿ ಮಾಡಿದರು. ಮೂರು ಮಣೆಗಳಲ್ಲಿ ಮೂವರು. ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟು ಹೇಳಿದ್ದು ಇಷ್ಟು:

"ರಸ್ತೆ ಮೇಲೆ ಬಂದ್ರೆ ಮುಟ್ಟೋ ಹೊತ್ತಿಗೆ ದಿನ ಹೋಗ್ತದೆ ಅಪ್ಪಿ. ಮಾರನೇ ದಿನ ಕೆಲಸ ತಪ್ತದೆ. ಮುಖ ತೋರ್ಸಿ ಓಡೋದು ಹೆಂಗೆ ಅಂತ..."

ನಾನು ಹೂಂಗುಟ್ಟಿದೆ. ಸರಿಯಾದ ಮಾತೇ. ಆದರೆ ಮಳೆಗಾಗಿ ಕಾದಷ್ಟು ದಿನ ಬಾರದವಳು ಬಿರುಗಾಳಿ ಎಂದದ್ದಕ್ಕೆ ಬಂದಿದ್ದಳು. ಮಾರನೇ ಬೆಳಿಗ್ಗೆ ಗಾಳಿ ಪೂರ್ತಿ ನಿಂತಿತ್ತು. ಬಿರುಗಾಳಿ ನಮ್ಮ ಕಡೆ ಸೆರಗಷ್ಟೇ ಬೀಸಿ ಸಮುದ್ರದ ಮೇಲೆ ಬಡಗಣಕ್ಕೆ ಹೋಯಿತೆಂದು ಹಾಲಿನ ಗಾಡಿಯವನು ಹೇಳಿದ. ಅದೇ ಗಾಡಿಯಲ್ಲಿ ಅವ್ವ ಹೊರಟಳು. ನನ್ನ ಬೆನ್ನು ಸವರಿ, "ಅಷ್ಟೆ, ಅಷ್ಟೆ, ಆಯ್ತು" ಎಂದಳು. ಗಾಡಿ ತಿರುವು ದಾಟಿದ ಮೇಲೆ ನಾನು ಹೊಳೆಯ ಅಂಚಿಗೆ ಹೋದೆ. ಅಷ್ಟು ಮಳೆಗೂ ನೀರು ಗೂಟದ ಬುಡಕ್ಕೆ ಬಂದಿರಲಿಲ್ಲ. ಗಣಪಣ್ಣ ಹೇಳಿದ್ದು ಆಗ ತಲೆಗೆ ಹೋಯಿತು. ಅಂದಿನಿಂದ ಚೌಡಮ್ಮನ ಕಲ್ಲಿನ ಮುಂದೆ ಅಜ್ಜಿ "ಮಳೆ ಕೊಡು, ಗಾಳಿ ಬೇಡ" ಎಂದು ಬೇಡುವಾಗ, ಅವಳ ಹಿಂದೆ ನಿಂತ ನಾನು ಬಾಯಿ ಮುಚ್ಚಿಕೊಂಡು ಉಲ್ಟಾ ಬೇಡುತ್ತಿದ್ದೆ. ನಮ್ಮಿಬ್ಬರ ಅರ್ಜಿಗಳ ನಡುವೆ ಆ ಕಲ್ಲು ಏನು ಪಾಡುಪಟ್ಟಿತೋ.

ಕಡೆಗೆ ಅಜ್ಜಿಯದೇ ಗೆದ್ದಿತು. ಗಾಳಿಯಿಲ್ಲದೆ, ಗುಡುಗಿಲ್ಲದೆ ಮಳೆ ಹಿಡಿಯಿತು. ತೀರ್ಥಹಳ್ಳಿ, ಹೊಸನಗರದ ಬದಿಯಿಂದ ಕೆಂಪು ನೀರು ಇಳಿದು ಬಂದು, ಮರದ ಬೊಡ್ಡೆಗಳು ಒಂದೊಂದಾಗಿ ಕುತ್ತಿಗೆಯವರೆಗೆ ಮುಳುಗಿ, ಒಂದು ಬೆಳಿಗ್ಗೆ ನನ್ನ ಗೂಟವೂ ಕಾಣಲಿಲ್ಲ. ಶಾಲೆ ಶುರುವಾಗಿತ್ತು. ಲಾಂಚಿನ ಹಾರನ್ನು ಕೇಳಿ ಇಡೀ ಊರು ದಡಕ್ಕೆ ಇಳಿಯಿತು. ಆದಿತ್ಯವಾರ ನಾನು ತಲೆ ಬಾಚಿಕೊಂಡು ಮೊದಲ ಲಾಂಚಿಗೆ ಹೋಗಿ ನಿಂತೆ. ಜೀಪು ಇಳಿಯಿತು, ಬೈಕುಗಳು ಇಳಿದವು, ಸಿಮೆಂಟಿನ ಚೀಲ, ಕೋಳಿಯ ಬುಟ್ಟಿ, ನೆಂಟರು. ಎರಡನೇ ಲಾಂಚೂ ಬಂತು. ಗುಡ್ಡ ಹತ್ತಿ ಫೋನು ಮಾಡಿದರೆ, ಇನ್ನೊಬ್ಬ ಆಯಾ ರಜೆ ಹಾಕಿದ್ದಾಳೆ, ಈ ವಾರ ಆಗುವುದಿಲ್ಲ ಅಪ್ಪೀ ಎಂದಳು. ಹೊಳೆ ತುಂಬಿತ್ತು, ಗಾಳಿ ಇರಲಿಲ್ಲ, ಲಾಂಚಿತ್ತು. ಇನ್ನು ಏನು ಬೇಡಿಕೊಳ್ಳಬೇಕೋ ನನಗೆ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಮೂರು ಮಣೆಗೂ ಬಡಿಸಿ ಆಗಿತ್ತು. ನಾನು ಹೇಳದೆಯೇ ಅಜ್ಜಿಗೆ ತಿಳಿಯಿತು. ರೂಢಿಯಂತೆ ಅವ್ವನ ಮಣೆಯ ಕಡೆ ಹೋದೆ, ಕುತ್ತಿಗೆ ಓರೆ ಮಾಡಿದೆ, ದನಿ ಬರಲಿಲ್ಲ. ಅಜ್ಜಿ ಮಂಡಿಗೆ ಕೈಯೂರಿ ಎದ್ದು, ಸೌಟನ್ನು ನನ್ನ ಕೈಗಿಟ್ಟು, ನಡುವಿನ ಮಣೆಯ ಮೇಲೆ ತಾನೇ ಕೂತಳು. ಜೀವಮಾನದಲ್ಲಿ ಯಾರನ್ನೂ ಅಣಕಿಸದವಳು ಕುತ್ತಿಗೆ ಓರೆ ಮಾಡಿದಳು.

"ಅತ್ತೇ, ಸಾರಿಗೆ ಹುಳಿ ಜಾಸ್ತಿಯಾತು."

ಅಷ್ಟು ಕೆಟ್ಟ ಅಣಕವನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ. ಹರಿದ ತಮಟೆಯಂಥ ದನಿ. ಅವ್ವನದು ಒಂದು ಚೂರೂ ಅದರಲ್ಲಿರಲಿಲ್ಲ. ನಾನು ಒಲೆಯ ಪಕ್ಕ, ಅವಳ ಜಾಗದಲ್ಲಿ ಕೂತೆ. ಅಜ್ಜಿಯ ದನಿ ನನಗೆ ಸಲೀಸಾಗಿ ಬಂತು.

"ಜಾಸ್ತಿಯಾದ್ರೆ ನೀನೇ ಮಾಡು ಮಾರಾಯ್ತಿ."

ಉಂಡೆವು. ಬಾಗಿಲ ಹತ್ತಿರದ ನನ್ನ ಮಣೆ ಖಾಲಿಯಿತ್ತು. ಅದರ ಮುಂದೆ ಬಡಿಸಿಟ್ಟ ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಅದನ್ನು ನೋಡಿ, ಅಜ್ಜಿಯ ದನಿಯಲ್ಲೇ ಕೇಳಿದೆ.

"ಆ ಹುಡುಗ ಎಲ್ಲಿ ಹೋತು?"

ಅಜ್ಜಿ ಆ ತಟ್ಟೆಯ ಕಡೆಗೊಮ್ಮೆ ನೋಡಿ, ಅವ್ವನ ದನಿಯಲ್ಲಿ ಹೇಳಿದಳು.

"ಹೊಳೆ ಅಂಚಿಗೆ ಹೋಗಿರ್ಬೇಕು ಅತ್ತೆ. ಬರ್ತಾನೆ."